ಮೂರು ಶಿಫ್ಟಿಗೆ ಒಬ್ಬನೇ ದಡ್ಡ

೧೯೮೭, ಜೂನ್ ೧೪, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ. ಕಾಗದದ ಮಿಲ್ಲಿನ ಮೊದಲ ಶಿಫ್ಟಿನ ಭೋಂಗಾ ಕೂಗಿ ತಾಸು ದಾಟಿದೆ. ಒಳಗೆ ಹೋಗುವವರು ಹೋದರು, ಹೊರಗೆ ಬಂದವರು ಮಲಗಿದರು. ದಾಂಡೇಲಿಯಲ್ಲಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ನನಗೆ ಮೂವತ್ತಮೂರು ವರ್ಷ. ನಿವೃತ್ತನಾಗಿ ಎಂಟು ತಿಂಗಳಾಯಿತು. ನಾಟಾ ಡಿಪೊದ ಕೆಲಸದಿಂದ ಅಲ್ಲ. ಅಲ್ಲಿ ಈಗಲೂ ದಿಮ್ಮಿ ಎಣಿಸಿ, ಸುತ್ತಳತೆ ಹಿಡಿದು, ಸೀಮೆಸುಣ್ಣದಿಂದ ನಂಬರು ಬರೆಯುತ್ತೇನೆ. ನಾನು ನಿವೃತ್ತನಾದದ್ದು ಸ್ಟೇಜಿನ ಮೇಲೆ ನಿಂತು ಜನರನ್ನು ನಗಿಸುವ ಕೆಲಸದಿಂದ. ಹತ್ತು ವರ್ಷ ಆ ಕೆಲಸ ಮಾಡಿದೆ. ಬೀಳ್ಕೊಡುಗೆ ಆಗಲಿಲ್ಲ, ಹಾರ ಬೀಳಲಿಲ್ಲ. ಕರೆಯುವವರು ನನ್ನನ್ನು ಬಿಟ್ಟು ಬೇರೆಯವರನ್ನು ಕರೆಯತೊಡಗಿದರು, ಅಷ್ಟೇ. ಆ ಬೇರೆಯವರು ಯಾರೆಂಬುದು ಮುಂದೆ ಬರುತ್ತದೆ.

ಹೋದ ತಿಂಗಳು ಹಳಿಯಾಳದ ಇಬ್ಬರು ಕಾಲೇಜು ಹುಡುಗರು ಡಿಪೊಕ್ಕೆ ಬಂದು, "ಸರ್, ನಾವೂ ಮಂದೀನ್ನ ನಗಸಬೇಕಂತ ಮಾಡೇವಿ. ಏನರೆ ಹೇಳಿಕೊಡ್ರಿ" ಎಂದರು. ಅವರಿಗಾಗಿ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ನನ್ನ ಅಪ್ಪನ ಮೇಲೆ ಒಂದು ಅಪವಾದ ಬಂದಿದೆ. ಅದು ಸುಳ್ಳೆಂದು ಯಾರಾದರೂ ಬರೆದಿಡಬೇಕು. ತೊಂದರೆ ಏನೆಂದರೆ, ಆ ಅಪವಾದವನ್ನು ಮೈಮೇಲೆ ಎಳೆದುಕೊಂಡವನು ಅಪ್ಪನೇ.

ಅದೃಷ್ಟದಿಂದ ಶುರು ಮಾಡುತ್ತೇನೆ, ಏಕೆಂದರೆ ಹುಡುಗರು ಅದನ್ನು ಪ್ರತಿಭೆ ಎಂದು ತಿಳಿದಿದ್ದಾರೆ.

೧೯೭೬ರ ಗಣೇಶನ ಹಬ್ಬ, ಹಳಿಯಾಳ. ಇಸ್ಮಾಯಿಲ್ ಮಾಸ್ತರರ ಆರ್ಕೆಸ್ಟ್ರಾ. ಸ್ಟೇಜಿಗೆ ಹಾಸಿದ ಹಲಗೆಗಳು ನಮ್ಮ ಡಿಪೊದವು. ಕಾರ್ಯಕ್ರಮ ಮುಗಿದ ಮೇಲೆ ಎಣಿಸಿ ತರಲು ಮಾಲೀಕರು ನನ್ನನ್ನು ಕಳಿಸಿದ್ದರು. ಸಂಜೆ ಎರಡನೇ ಹಾಡಿಗೇ ಕರೆಂಟು ಹೋಯಿತು. ಮೈಕು ಸತ್ತಿತು. ಜನ ಏಳತೊಡಗಿದರು. ಇಬ್ಬರು ಕೂರಲು ಬೇಕೆಂದು ಸ್ಟೇಜಿನ ಅಂಚಿನ ಒಂದು ಹಲಗೆ ಎಳೆಯುವುದು ಕಂದೀಲಿನ ಬೆಳಕಿನಲ್ಲಿ ಕಂಡಿತು. ಸ್ಟೇಜು ಹತ್ತಿ ಗಂಟಲು ಹರಿಯುವ ಹಾಗೆ ಕೂಗಿದೆ:

"ಹಲಗಿ ಮುಟ್ಟಬ್ಯಾಡ್ರಿ! ನಲವತ್ತೆರಡು ಅದಾವ! ನಾ ಎಣಿಸಿ ಕೊಡಬೇಕು!"

ಜನ ನಕ್ಕರು. ನನಗೆ ಸಿಟ್ಟು ಬಂತು.

"ನಗೂದೇನೈತ್ರಿ ಇದರಾಗ? ಹಿಂದ ಒಂದು ಮದುವಿಗೆ ಕೊಟ್ಟಿದ್ವಿ. ಮೂವತ್ತೊಂಬತ್ತು ವಾಪಸ್ ಬಂದೂವು. ಉಳದ ಮೂರು ಮದುಮಗನ ಮನ್ಯಾಗ ಮಂಚ ಆಗ್ಯಾವು! ಕೇಳಾಕ ಹೋದ್ರ, ಈಗರೆ ಮದುವಿ ಆಗೇತಿ, ಹೆಂಗ ಎಬ್ಬಸೂದು ಅಂತಾರ!"

ಎದ್ದವರು ಕುಳಿತರು. ಕರೆಂಟು ಬರುವವರೆಗೆ ನಾನು ನಮ್ಮ ಡಿಪೊದ ಹಲಗೆಗಳು ಎಲ್ಲೆಲ್ಲಿ ಏನೇನಾಗಿವೆ ಎಂದು ನಿಜವಾದ ದುಃಖದಿಂದ ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನ ಹಳಿಯಾಳದಲ್ಲಿ ಕರೆಂಟು ಇದ್ದಿದ್ದರೆ ನಾನು ಇವತ್ತಿಗೂ ಬರೀ ದಿಮ್ಮಿ ಎಣಿಸುವವನು. ಮರುವರ್ಷ ಅದೇ ಊರಿನವರು, "ಶಂಕರನ ಪ್ರತಿಭೆ ನಾವು ಮೊದಲ ಗುರುತಿಸಿದ್ವಿ" ಎಂದು ಮೈಕಿನಲ್ಲಿ ಹೇಳಿದರು. ಗುರುತಿಸಿದ್ದು ವಿದ್ಯುತ್ ಮಂಡಳಿ.

ಮಾಸ್ತರರು ನನ್ನನ್ನು ತಂಡಕ್ಕೆ ಸೇರಿಸಿಕೊಂಡರು. ಅವರು ಕ್ಲಾರಿಯೊನೆಟ್ ಊದುತ್ತಿದ್ದರು. ಡೋಲಿನ ಚರ್ಮ ಕಾಸುವಾಗ, ಹಾಡುವವಳು ಸೀರೆ ಬದಲಿಸುವಾಗ, ಆ ನಡುವೆ ನಿಂತು ಮಾತಾಡುವುದು ನನ್ನ ಕೆಲಸ. ಮೊದಲ ದಿನವೇ ಅವರು ಹೇಳಿದ್ದು ಇಷ್ಟು:

"ನೋಡ್ ಬೇಟಾ, ನಗಸೂದು ನಿನ್ನ ಕೆಲಸ ಅಲ್ಲ. ಮಂದಿ ಎದ್ದು ಹೋಗಬಾರದು, ಅದು ನಿನ್ನ ಕೆಲಸ. ನಕ್ಕರ ಅದು ಅವರ ಖುಷಿ."

ಒಳ್ಳೆಯ ಮಾತು. ಆದರೆ ಅವರದೊಂದು ಚಟವಿತ್ತು. ಡೋಲು ತಯಾರಾದ ಕೂಡಲೇ, ನಾನು ಎಲ್ಲಿಗೇ ಬಂದಿರಲಿ, ಹಿಂದಿನಿಂದ ಕ್ಲಾರಿಯೊನೆಟ್ ಊದಿಬಿಡುತ್ತಿದ್ದರು. ಗಂಡ ಬಾಗಿಲು ತೆರೆದ, ಒಳಗೆ ಯಾರಿದ್ದರು ಎಂದರೆ... ಪೀಂ! ಮುಗಿಯಿತು. ಎರಡು ವರ್ಷ ನನ್ನ ಒಂದು ಕಥೆಗೂ ಕೊನೆ ಸಿಗಲಿಲ್ಲ. ದಾರಿಯಲ್ಲಿ ಜನ ತಡೆದು ಕೇಳುತ್ತಿದ್ದರು, "ಆ ಬಾಗಲಾ ತಗದ್ನಲ್ರಿ, ಒಳಗ ಯಾರಿದ್ರು?" ಆಮೇಲೆ ನಾನು ನಗುವ ಮಾತನ್ನು ಮುಂದಕ್ಕೆ ತಂದು, ಪ್ರತಿ ನಾಲ್ಕು ವಾಕ್ಯಕ್ಕೆ ಒಂದು ಇಡತೊಡಗಿದೆ. ಈಗ ಹುಡುಗರು ಅದನ್ನು ನನ್ನ ಶೈಲಿ ಎನ್ನುತ್ತಾರೆ. ಅದು ಕ್ಲಾರಿಯೊನೆಟ್ಟಿನ ಭಯ.

ಡಿಪೊದ ಅಭ್ಯಾಸದಿಂದ ನಾನು ನಗುವನ್ನೂ ಬರೆದಿಡುತ್ತಿದ್ದೆ. ಪೂರ್ತಿ ನಗುವಿಗೆ ಒಂದು ಗೀಟು, ಅರೆನಗುವಿಗೆ ಅರ್ಧ ಗೀಟು, ಕೆಮ್ಮಿಗೆ ಚುಕ್ಕೆ. ತಂಡದ ಮೈಕ್ ಸೆಟ್ ನೋಡಿಕೊಳ್ಳುವ ಜುಜೆ ಇದನ್ನು ಕಂಡು ಬಹಳ ಗೇಲಿ ಮಾಡುತ್ತಿದ್ದ. ಅವನು ಹಳಿಯಾಳ ಕಡೆಯ ಸಿದ್ದಿ ಜನಾಂಗದ ಹುಡುಗ, ನನಗಿಂತ ಒಂದು ವರ್ಷ ದೊಡ್ಡವನು. ವೈರು, ಬ್ಯಾಟರಿ, ಸ್ಪೀಕರು ಬಿಟ್ಟರೆ ಅವನಿಗೆ ಬೇರೆ ಆಸಕ್ತಿ ಇರಲಿಲ್ಲ. ಹೋದ ಊರಲ್ಲೆಲ್ಲ ಕಮಿಟಿಯವರು ಅವನನ್ನು ನೋಡಿದ ಕೂಡಲೇ, "ಮಾಸ್ತರ್ರ, ಇವನ್ನೊಮ್ಮಿ ಕುಣಿಸ್ರೆಲಾ, ಇವರ ಮಂದಿ ಭಾಳ ಛಲೋ ಕುಣೀತಾರ" ಎನ್ನುತ್ತಿದ್ದರು. ಜುಜೆ ವೈರಿನ ಎರಡೂ ಬರಿ ತುದಿಗಳನ್ನು ಅವರ ಮುಂದೆ ಹಿಡಿದು, "ಬರ್ರಿ ಯಜಮಾನ್ರ, ಇದನ್ನ ಸ್ವಲ್ಪ ಹಿಡೀರಿ. ನೀವು ಕುಣೀರಿ, ನಾ ನೋಡ್ತೇನಿ" ಎನ್ನುತ್ತಿದ್ದ. ಹತ್ತು ವರ್ಷದಲ್ಲಿ ನನಗಿಂತ ಹೆಚ್ಚು ನಗಿಸಿದವನು ಅವನು, ಮೈಕಿಲ್ಲದೆ.

ಜೋಯಿಡಾದ ಕಡೆ ಒಂದು ಹಳ್ಳಿ. ೧೯೭೮. ಸಂಜೆ ಐದಕ್ಕೆ ಶುರು. ನಾನು ಅರ್ಧ ತಾಸು ಮಾತಾಡಿದೆ. ಒಂದು ಗೀಟೂ ಬೀಳಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಗಂಡಸರು ನೆಲ ನೋಡುತ್ತಿದ್ದರು. ಕೊಂಕಣಿ ಮಾತಾಡುವ ಊರು, ನನ್ನ ಕನ್ನಡ ತಿಳಿಯಲಿಲ್ಲವೆಂದು ಎರಡು ಮಾತು ಕೊಂಕಣಿಯಲ್ಲೂ ಹೇಳಿದೆ. ಇನ್ನೂ ಗಂಭೀರವಾದರು. ಮರುದಿನ ಚಹಾದ ಅಂಗಡಿಯಲ್ಲಿ ನೋಡಿದರೆ ಅದೇ ಜನ ನನ್ನ ಮಾತುಗಳನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಕಣ್ಣೀರು ಬರುವ ಹಾಗೆ ನಗುತ್ತಿದ್ದಾರೆ.

"ನಿನ್ನಿ ಯಾಕ ನಗಲಿಲ್ರಿ?" ಎಂದು ಕೇಳಿದೆ.

ಅಂಗಡಿಯವನು ದನಿ ತಗ್ಗಿಸಿದ. "ಹೆಂಗ ನಗೂದು? ನಮ್ಮ ಊರ ಹಿರ್ಯಾರು ಮುಂದ ಕೂತಿದ್ರಲ್ಲ. ಅವರು ನಕ್ಕ ಮ್ಯಾಲ ನಾವು ನಗಬೇಕು. ಅವರು ನಗಲಿಲ್ಲ."

"ಅವರಿಗೆ ಸೇರಲಿಲ್ಲೇನು?"

"ಭಾಳ ಸೇರ್ತು. ಪಾಪ, ಹಲ್ಲು ಬ್ಯಾನಿ. ಮೂರು ದಿನ ಆತು, ಬಾಯಿ ತಗ್ಯಾಕ ಬರವಲ್ದು."

ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಮುಂದಿನ ಸಾಲಿನ ಹಿರಿಯರ ಹತ್ತಿರ ಹೋಗಿ ನಮಸ್ಕಾರ ಮಾಡಿ, ಊಟ ಆಯಿತೇ, ಗಟ್ಟಿ ರೊಟ್ಟಿ ಹೋಗುತ್ತದೆಯೇ ಎಂದು ವಿಚಾರಿಸುವ ಪದ್ಧತಿ ಇಟ್ಟುಕೊಂಡೆ. ಜನ ನನ್ನನ್ನು ವಿನಯವಂತ ಎಂದರು.

ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಆದ ಪಾಠ ಬೇರೆ. ಅಷ್ಟರಲ್ಲಿ ನನ್ನ ಕೈಯಲ್ಲಿ ಒಂದು ಒಳ್ಳೆಯ ಕಥೆ ಇತ್ತು. ನನ್ನ ತಲೆಯಿಂದಲೇ ಹುಟ್ಟಿದ್ದು. ೧೯೭೯ರ ಬೇಸಿಗೆಯಲ್ಲಿ, ಡಿಪೊದ ದಿಮ್ಮಿಯ ಮೇಲೆ ಕೂತು, ಒಂದು ಮಧ್ಯಾಹ್ನದಲ್ಲಿ ಕಟ್ಟಿದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಥೆ ಹೀಗೆ:

ಮಿಲ್ಲಿನವನೊಬ್ಬ ರಾತ್ರಿ ಶಿಫ್ಟಿನಲ್ಲಿ, ಗೋವಾಕ್ಕೆ ಹೊರಟ ಕಾಗದದ ವ್ಯಾಗನ್ನಿನೊಳಗೆ ರೀಮು ಎಣಿಸಲು ಹೋಗಿ, ತಣ್ಣಗಿನ ಕಾಗದದ ಮೇಲೆ ಒರಗಿ ಮಲಗಿಬಿಟ್ಟ. ಬಾಗಿಲು ಹಾಕಿದರು. ದಾಂಡೇಲಿ ಹೋಯಿತು, ಅಳ್ನಾವರ ಹೋಯಿತು, ಲೋಂಡಾ ಹೋಯಿತು. ಎಚ್ಚರಾದಾಗ ಕ್ಯಾಸಲ್‌ರಾಕ್. ಬಾಗಿಲು ತೆರೆದ ರೈಲ್ವೆ ಸಾಹೇಬರು, "ಯಾರೋ ನೀನು? ಟಿಕೀಟು ಎಲ್ಲಿ?" ಎಂದು ಗದರಿದರು. ಇವನು ಕಣ್ಣುಜ್ಜಿಕೊಂಡು, "ಟಿಕೀಟು ಯಾಕ್ರಿ? ನಾ ಡ್ಯೂಟಿ ಮ್ಯಾಲ ಅದೇನಿ" ಎಂದ. "ನಿನ್ನ ಶಿಫ್ಟು ಮುಗಿದು ಮೂರು ತಾಸಾಗೇತಿ!" ಎಂದರು. ಇವನು ಎದ್ದು ನಿಂತು ಹೇಳಿದ, "ಹೌದ್ರಿ? ಹಂಗಾದ್ರ ಒಂದು ಚೀಟಿ ಬರದು ಕೊಡ್ರಿ. ಮೂರು ತಾಸು ಓವರ್‌ಟೈಮ್ ಅಂತ."

ದಾಂಡೇಲಿಯ ಓಣಿಯಲ್ಲಿ ಇದಕ್ಕೆ ಗೋಡೆಗಳು ನಡುಗಿದ್ದವು. ಚಿಗಳ್ಳಿಯ ಮದುವೆ ಚಪ್ಪರದಲ್ಲಿ ಹೇಳಿದರೆ ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಮುಂದೆ ಕೂತ ಅಜ್ಜಿಯೊಬ್ಬಳು ಕೇಳಿದಳು:

"ತಮ್ಮಾ, ರಾತ್ರಿ ಮಲಗಿದ್ರ ಅದ್ರಾಗೇನು ತಪ್ಪೈತೋ? ರಾತ್ರಿ ಮಲಗದ ಇನ್ನೇನ್ ಮಾಡಬೇಕು ಅಂವ?"

ಹೊಲ ಮಾಡುವವರಿಗೆ ರಾತ್ರಿ ಶಿಫ್ಟು ಎಂದರೇನೆಂದು ಹೇಳುವಷ್ಟರಲ್ಲಿ ಕ್ಲಾರಿಯೊನೆಟ್ ಕೂಗಿತು. ಅದೇ ಹಂಗಾಮಿನಲ್ಲಿ ಆ ಊರಿಗೆ ಎರಡನೇ ಸಲ ಹೋದಾಗ, ಮಿಲ್ಲು ತೆಗೆದುಹಾಕಿ, ಸಂತೆಗೆ ಹೋದವನು ಭತ್ತದ ಲಾರಿಯಲ್ಲಿ ಮಲಗಿದ ಎಂದೆ. "ಅಂವ ಹಳಿಯಾಳದಂವ" ಎಂದು ಸೇರಿಸಿದೆ. ಚಪ್ಪರ ಕಿತ್ತುಹೋಗುವ ಹಾಗೆ ನಕ್ಕರು. ಹಳಿಯಾಳದಲ್ಲಿ ಅದನ್ನೇ ಹೇಳಿ, "ಅಂವ ಮುಂಡಗೋಡದಂವ" ಎಂದೆ. ಅಲ್ಲೂ ಅಷ್ಟೇ ಗೀಟು.

ಹುಡುಗರೇ, ಈ ಕೆಲಸದ ಅರ್ಧ ವಿದ್ಯೆ ಇಷ್ಟೇ. ದಡ್ಡ ಯಾವಾಗಲೂ ಪಕ್ಕದ ಊರಿನವನಿರಬೇಕು. ಕೇಳುವವನಿಗೆ ಅವನ ಗುರುತು ಇರಬೇಕು, ಸಂಬಂಧ ಇರಬಾರದು.

ಈ ವಿದ್ಯೆಯನ್ನು ನಾನು ದಾಂಡೇಲಿಗೆ ತಂದದ್ದೇ ಮುಂದಿನದಕ್ಕೆಲ್ಲ ಕಾರಣ.

ಮಿಲ್ಲಿನ ಊರಲ್ಲಿ ಎಲ್ಲರೂ ಒಟ್ಟಿಗೆ ಬಿಡುವಾಗುವ ಹೊತ್ತು ಎಂಬುದೇ ಇಲ್ಲ. ಎ ಶಿಫ್ಟಿನವರು ಎದ್ದಾಗ ಬಿ ಶಿಫ್ಟು ಒಳಗಿರುತ್ತದೆ, ಸಿ ಶಿಫ್ಟು ಮಲಗಿರುತ್ತದೆ. ವಾರಕ್ಕೊಮ್ಮೆ ಹೊತ್ತು ತಿರುಗುತ್ತದೆ, ಜನ ಮಾತ್ರ ಅವರವರ ಗುಂಪಿನಲ್ಲೇ ಇರುತ್ತಾರೆ. ಹೀಗಾಗಿ ಮಿಲ್ಲಿನ ಕಾಲನಿಯ ಹಬ್ಬದಲ್ಲಿ ನಾವು ಒಂದೇ ಕಾರ್ಯಕ್ರಮವನ್ನು ಮೂರು ಸಲ ಮಾಡುತ್ತಿದ್ದೆವು, ಒಂದೊಂದು ಶಿಫ್ಟಿಗೆ ಒಂದೊಂದು. ಪಕ್ಕದ ಊರು ಎಂಬುದು ಇಲ್ಲಿ ಬೇಕಾಗಿಯೇ ಇರಲಿಲ್ಲ. ಪಕ್ಕದ ಶಿಫ್ಟು ಇತ್ತು. ಎ ಶಿಫ್ಟಿನವರ ಮುಂದೆ, ವ್ಯಾಗನ್ನಿನಲ್ಲಿ ಮಲಗಿದವನು ಬಿ ಶಿಫ್ಟಿನವ ಎಂದೆ. ಬಿ ಶಿಫ್ಟಿನವರಿಗೆ, ಅವನು ಸಿ ಎಂದೆ. ಸಿ ಶಿಫ್ಟಿಗೆ, ಅವನು ಎ. ಯಾರಿಗೆ ಏನು ಹೇಳಿದ್ದೇನೆಂದು ಕೋಷ್ಟಕ ಹಾಕಿಕೊಂಡಿದ್ದೆ. ಒಮ್ಮೆಯೂ ತಪ್ಪಲಿಲ್ಲ.

ಅವರು ಮಾತಾಡಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಮಾತಾಡಿಕೊಳ್ಳುತ್ತಿದ್ದರು. ಗೇಟಿನಲ್ಲಿ ಒಂದು ಶಿಫ್ಟು ಒಳಗೆ ಹೋಗುವಾಗ ಇನ್ನೊಂದು ಹೊರಬರುತ್ತದೆ. "ಏನಪಾ, ಕ್ಯಾಸಲ್‌ರಾಕ್ ಬಂತನು?" ಎಂದು ಎ ಶಿಫ್ಟಿನವರು ಬಿ ಶಿಫ್ಟಿನವರಿಗೆ ಕೂಗುತ್ತಿದ್ದರು. ಬಿ ಶಿಫ್ಟಿನವರು ಅದು ಸಿ ಶಿಫ್ಟಿನವರ ಮೇಲಿನ ಮಾತೆಂದು ತಿಳಿದು ಅವರಿಗಿಂತ ಜೋರಾಗಿ ನಗುತ್ತಿದ್ದರು. ಹೀಗೆ ಮೂರು ಶಿಫ್ಟಿನವರು ನಾಲ್ಕು ವರ್ಷ ಒಬ್ಬರನ್ನೊಬ್ಬರು ನೋಡಿ, ಪರಸ್ಪರ ಪ್ರೀತಿಯಿಂದ, ತಮ್ಮ ಮೇಲಿನ ಗೇಲಿಗೆ ತಾವೇ ನಕ್ಕರು. ಊರಲ್ಲಿ ನಾನು ದೊಡ್ಡ ಮನುಷ್ಯನಾದೆ. ಆಟೊದವರು ನನ್ನನ್ನು ಕಂಡರೆ ಹಾರ್ನು ಹೊಡೆಯುತ್ತಿದ್ದರು. ಅದನ್ನೂ ಎಣಿಸಿದ್ದೇನೆ, ಆದರೆ ಇಲ್ಲಿ ಬರೆಯುವುದಿಲ್ಲ.

ಜುಜೆ ಒಬ್ಬನೇ ತಲೆ ಅಲ್ಲಾಡಿಸುತ್ತಿದ್ದ. "ಶಂಕರಾ, ಈ ಮಿಲ್ಲು ಒಂದು ದಿನ ನಿಂತೀತು. ಅವತ್ತ ನಾ ರಜಾ ಹಾಕ್ತೇನಿ ನೋಡ."

ಇಲ್ಲಿ ಅಪ್ಪನ ಪರಿಚಯ ಮಾಡಿಕೊಡಬೇಕು. ಅಪ್ಪ, ಗುರಪ್ಪ. ಧಾರವಾಡ ಜಿಲ್ಲೆಯಿಂದ ಬಂದು ಮಿಲ್ಲು ಸೇರಿದವನು. ಬಿ ಶಿಫ್ಟು, ರೀಮು ಕಟ್ಟುವ ವಿಭಾಗ. ಅವನಿಗೆ ಓದು ಇರಲಿಲ್ಲ, ಆಸ್ತಿ ಇರಲಿಲ್ಲ, ಒಂದೇ ಒಂದು ಹೆಮ್ಮೆ ಇತ್ತು: ಡ್ಯೂಟಿಯಲ್ಲಿ ಯಾವತ್ತೂ ಕಣ್ಣು ಮುಚ್ಚಿದವನಲ್ಲ. ರಾತ್ರಿ ಶಿಫ್ಟಿನಲ್ಲಿ ಎಲ್ಲರೂ ಸರದಿಯ ಮೇಲೆ ಅರ್ಧ ತಾಸು ಒರಗುತ್ತಿದ್ದರು. ಒರಗುವ ಮೊದಲು ಅಪ್ಪನಿಗೆ ಹೇಳಿ ಒರಗುತ್ತಿದ್ದರು: "ಗುರಪ್ಪಣ್ಣ, ಸಾಹೇಬ ಬಂದ್ರ ಎಬ್ಬಸ್ರಿ." ಅಪ್ಪ ಬೈಯುತ್ತಲೇ ಎಬ್ಬಿಸುತ್ತಿದ್ದ. ಎಬ್ಬಿಸುವವನು ಎಂಬುದೇ ಅವನ ಹುದ್ದೆ ಎಂಬಂತಾಗಿತ್ತು. ಮನೆಯಲ್ಲಿ ಅದನ್ನು ದಿನಾಲೂ ಕೇಳುತ್ತಿದ್ದೆವು. "ಇಡೀ ಮಿಲ್ಲಿನಾಗ ಮಲಗದವು ಅಂದ್ರ ಎರಡ ಅದಾವ. ಒಂದು ಬಾಯ್ಲರು, ಇನ್ನೊಂದು ನಾ."

ನನ್ನ ಕೆಲಸದ ಬಗ್ಗೆ ಅವನಿಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಕಾರ್ಯಕ್ರಮಕ್ಕೆ ಬರುತ್ತಿದ್ದ, ಹಿಂದೆ ಕೂರುತ್ತಿದ್ದ, ನಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅಪ್ಪನ ಹೆಸರಿಗೆ ನಾಲ್ಕು ವರ್ಷದಲ್ಲಿ ಒಂದೇ ಚುಕ್ಕೆ. ಅದು ನಿಜವಾಗಿ ಕೆಮ್ಮೇ.

೧೯೮೪. ಯಂತ್ರ ದುರಸ್ತಿಗೆಂದು ಮಿಲ್ಲು ಕೆಲವು ದಿನ ನಿಂತಿತು. ಅದೇ ವಾರ ಕಾಲನಿಯಲ್ಲಿ ಕಾರ್ಯಕ್ರಮ, ಮಧ್ಯಾಹ್ನ ನಾಲ್ಕಕ್ಕೆ. ಮೈದಾನದಲ್ಲಿ ಎ, ಬಿ, ಸಿ ಮೂರೂ ಶಿಫ್ಟು, ಹೆಂಡಿರು ಮಕ್ಕಳ ಸಮೇತ, ಮೊದಲ ಸಲ ಒಟ್ಟಿಗೆ. ಜುಜೆ ರಜೆ ಹಾಕಿರಲಿಲ್ಲ. ಮೈಕು ಸರಿಮಾಡುವ ನೆವದಲ್ಲಿ ಹತ್ತಿರ ಬಂದು, "ಇವತ್ತ ಹಲಗಿ ಕಥಿ ಸಾಕು. ಕ್ಯಾಸಲ್‌ರಾಕ್ ಬ್ಯಾಡ" ಎಂದ.

ನಾನೂ ಹಾಗೆಯೇ ನಿಶ್ಚಯಿಸಿದ್ದೆ. ಹಲಗೆ ಕಥೆ ಹೇಳಿದೆ, ಹಲ್ಲುನೋವಿನ ಕಥೆ ಹೇಳಿದೆ. ಆದರೆ ಜನ ಬಿಡಬೇಕಲ್ಲ. "ಕ್ಯಾಸಲ್‌ರಾಕ್! ಕ್ಯಾಸಲ್‌ರಾಕ್!" ಎಂದು ಎಲ್ಲ ಕಡೆಯಿಂದ ಕೂಗು. ಮಾಸ್ತರರ ಕಡೆ ನೋಡಿದೆ, ಕ್ಲಾರಿಯೊನೆಟ್ ಊದಿಯಾರೆಂದು. ಜೀವನದಲ್ಲಿ ಅದು ಬೇಕೆನಿಸಿದ್ದು ಅದೊಂದೇ ಸಲ. ಅವರು ಕೆಳಗಿಳಿದು ಮಜ್ಜಿಗೆ ಕುಡಿಯುತ್ತಿದ್ದರು.

ಶುರು ಮಾಡಿದೆ. ಶಿಫ್ಟಿನ ಹೆಸರು ಹೇಳದೆ, "ಮಿಲ್ಲಿನಂವ ಒಬ್ಬಂವ" ಎಂದೆ.

"ಬಿ ಶಿಫ್ಟಿನಂವ ಅನ್ರೆಲಾ!" ಎಂದು ಎ ಶಿಫ್ಟಿನ ಒಬ್ಬ ಎದ್ದು ನಿಂತು ಸಹಾಯ ಮಾಡಿದ.

"ಯಾವ ಬಿ? ಅಂವ ಸಿ ಶಿಫ್ಟಿನಂವ!" ಎಂದಿತು ಬಿ ಶಿಫ್ಟು.

"ಏ, ಬಾಯಿ ಮುಚ್ಚ್ರಿ! ಅಂವ ಎ ದಾಗಿನಂವ. ಇದ ಶಂಕರನ ನಮಗ ಹೇಳ್ಯಾನ!" ಎಂದಿತು ಸಿ.

ನಾಲ್ಕು ವರ್ಷದ ನಗು ಒಂದೊಂದಾಗಿ ಹಿಂದಕ್ಕೆ ತಿರುಗಿ ಎಲ್ಲರ ಮುಖಕ್ಕೆ ಬರುತ್ತಿರುವುದು ನನಗೆ ಸ್ಟೇಜಿನ ಮೇಲಿಂದ ಕಾಣುತ್ತಿತ್ತು. ಗೇಟಿನಲ್ಲಿ ಯಾರು ಯಾರನ್ನು ನೋಡಿ ನಕ್ಕಿದ್ದರೆಂದು ಅವರು ಆಗ ಲೆಕ್ಕ ಹಾಕುತ್ತಿದ್ದರು.

"ಅಂದ್ರ ನಾಕು ವರ್ಷ ನಮಗ ನಕ್ಕೀರೇನಲೇ ನೀವು?"

"ನೀವು ನಗಲಿಲ್ಲನು ನಮಗ?"

ಖುರ್ಚಿಗಳು ಬಿದ್ದವು. ಯಾರೋ ಯಾರದೋ ಅಂಗಿ ಹಿಡಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಯಿತು, ಸ್ಟೇಜಿನ ಮೇಲೆ ನಾನಿದ್ದೇನೆ ಎಂದು. ಮೂರೂ ಶಿಫ್ಟು ನನ್ನ ಕಡೆ ತಿರುಗಿ, "ಹೆಸರ ಹೇಳು! ಯಾರಂವ? ಯಾವ ಶಿಫ್ಟಿನಂವ?" ಎಂದು ಸ್ಟೇಜಿನ ಅಂಚಿಗೆ ಬಂದವು.

ನಾನು ಮಾಡಬಾರದ್ದನ್ನು ಮಾಡಿದೆ. ನಿಜ ಹೇಳಿದೆ.

"ಅಂಥಾಂವ ಯಾರೂ ಇಲ್ರಿ. ಅದು ನಾ ಕಟ್ಟಿದ ಕಥಿ."

ಅದರಿಂದ ಬೆಂಕಿ ಹತ್ತಿತು. "ಯಾರೂ ಇಲ್ಲೇನು? ಹಂಗಾದ್ರ ಇಷ್ಟ ದಿನ ನಾವು ಯಾರಿಗೆ ನಕ್ಕಿವಲೇ?" ಎಂದು ಒಬ್ಬ ಕೂಗಿದ. ಇಬ್ಬರು ಸ್ಟೇಜು ಹತ್ತಿದರು. ಜುಜೆ ಮೈಕಿನ ಕಂಬ ಹಿಡಿದು ನನ್ನ ಮುಂದೆ ನಿಂತ.

ಆಗ ಹಿಂದಿನ ಸಾಲಿನಿಂದ ಅಪ್ಪ ಎದ್ದ. ಅವನು ಕೂಗಲಿಲ್ಲ. ಜನರನ್ನು ಸರಿಸುತ್ತ ಮುಂದೆ ಬಂದು, ಸ್ಟೇಜು ಹತ್ತಿ, ಜುಜೆಯ ಕೈಯಿಂದ ಮೈಕು ತೆಗೆದುಕೊಂಡ.

"ಯಾಕ ಬಡದಾಡ್ತೀರೋ ತಮ್ಮಾ. ಅಂವ ನಾ."

ಸ್ಟೇಜು ಹತ್ತಿದ್ದ ಇಬ್ಬರೂ ಕೆಳಗಿಳಿದರು.

"ನಾನ ಮಲಗಿದ್ದೆ ವ್ಯಾಗನ್ನಿನಾಗ. ಹೆಸರ ಹೇಳಬ್ಯಾಡ ಅಂತ ನಮ್ಮ ಹುಡುಗಗ ನಾನ ಹೇಳಿದ್ದೆ. ನಾ ಬಿ ಶಿಫ್ಟಿನಂವ, ಖರೆ. ಅವತ್ತ ಸಿ ದಾಗ ಒಬ್ಬಂವಗ ಜ್ವರ, ಅವನ ಬದಲಿ ಡ್ಯೂಟಿಗೆ ಬಂದಿದ್ದೆ. ಅದೂ ಖರೆ. ಆ ವಾರ ನನ್ನ ಹಾಜರಿ ಇದ್ದದ್ದು ಎ ದಾಗ. ಮೂರೂ ಮಂದಿದು ಖರೇನ ಐತಿ. ಇನ್ನ ಕುಂಡ್ರಿ."

ಬದಲಿ ಡ್ಯೂಟಿ ಯಾರಿಗೆ ಗೊತ್ತಿಲ್ಲ! ಮೂರೂ ಶಿಫ್ಟಿನವರು ಒಬ್ಬರ ಮುಖ ಒಬ್ಬರು ನೋಡಿದರು. ಮೂವರದೂ ಮಾನ ಉಳಿದಿತ್ತು. ಹಿಂದಿನಿಂದ ಒಬ್ಬ ಅನುಮಾನದ ದನಿಯಲ್ಲಿ ಕೇಳಿದ:

"ಗುರಪ್ಪಣ್ಣ, ನೀವು ಮಲಗಿದ್ರಿ?"

ಅಪ್ಪ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. ಜನ ಅದನ್ನು ನಟನೆ ಎಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು, ಆ ಮಾತು ಅವನ ಬಾಯಿಂದ ಹೊರಗೆ ಬರಲು ಎಷ್ಟು ದೂರ ನಡೆಯಬೇಕಾಗಿತ್ತೆಂದು.

"ಮಲಗಿದ್ದೆ" ಎಂದ. ಆಮೇಲೆ, ನಾನು ಬರೆಯದ, ಯೋಚಿಸಿಯೂ ಇರದ ಮಾತು ಸೇರಿಸಿದ: "ಕ್ಯಾಸಲ್‌ರಾಕಿನಾಗ ಚಾ ಕುಡಿಸಿದ್ರು. ಪುಕ್ಕಟ ಚಾ, ನಾ ಏನೂ ಅನ್ನಬಾರದು. ಆದ್ರ ಸಕ್ರಿ ಕಡಿಮಿ ಇತ್ತು."

ಆ ನಗು! ಅಂಥ ನಗುವನ್ನು ನಾನು ಹತ್ತು ವರ್ಷದಲ್ಲಿ ಕೇಳಿಲ್ಲ. ಅಂಗಿ ಹಿಡಿದವರು ಹಿಡಿದ ಅಂಗಿಯಲ್ಲೇ ಕಣ್ಣು ಒರೆಸಿಕೊಂಡರು. ಎಷ್ಟು ಗೀಟು ಎಂದು ಅಂದು ನಾನು ಬರೆಯಲಿಲ್ಲ.

ಮನೆಗೆ ಹೋಗುವಾಗ ಕೇಳಿದೆ. "ಯಾಕಪ್ಪಾ ಹಂಗ ಹೇಳಿದಿ?"

"ಇಲ್ಲಂದ್ರ ನಿನಗ ಬಡೀತಿದ್ರು."

"ಬಡೀಲಿ ಬಿಡ. ಇಷ್ಟ ವರ್ಷದ್ದು ನಿನ್ನ ಹೆಸರು..."

"ಬಡಿಸ್ಕೊಂಡು ಬಂದ್ರ ನಿಮ್ಮವ್ವ ನನಗ ಬಡೀತಿದ್ಲು" ಎಂದ. ತುಸು ದೂರ ಹೋದ ಮೇಲೆ, "ಮತ್ತ, ಕಥಿ ನೀ ಭಾಳ ಅವಸರದಾಗ ಹೇಳ್ತಿ. ಯಾರರೆ ಬೆನ್ನ ಹತ್ಯಾರೇನು?" ಎಂದ.

ಮರುವಾರ ಮಿಲ್ಲು ಶುರುವಾದಾಗ ಅಪ್ಪ 'ಕ್ಯಾಸಲ್‌ರಾಕ್ ಗುರಪ್ಪ' ಆಗಿದ್ದ. ಇಪ್ಪತ್ತು ವರ್ಷಕ್ಕೂ ಮೀರಿ ಕಣ್ಣು ತೆರೆದು ಸಂಪಾದಿಸಿದ ಹೆಸರು ಚಹಾ ಕುಡಿಯುವಷ್ಟರಲ್ಲಿ ಹೋಗಿತ್ತು. ಯಾರೂ ಸಂಶಯಪಡಲಿಲ್ಲ. ಅವನಿಂದ ಎಬ್ಬಿಸಿಕೊಂಡವರೇ ಮೊದಲು ನಂಬಿದರು. ಎಬ್ಬಿಸಲು ಹೇಳುವುದನ್ನು ಎಲ್ಲರೂ ಬಿಟ್ಟರು. ರಾತ್ರಿ ಶಿಫ್ಟಿನ ಸಾಹೇಬರು ಬ್ಯಾಟರಿ ಹಿಡಿದು ಮೊದಲು ಅಪ್ಪ ಇರುವಲ್ಲಿಗೇ ಬರತೊಡಗಿದರು. "ಏನ್ ಗುರಪ್ಪಾ, ಇಲ್ಲೇ ಇದ್ದೀಯಾ, ಗೋವಾಕ್ಕ ಹೋದ್ಯಾ?" ಅಪ್ಪನ ಜೊತೆ ರೀಮು ಕಟ್ಟುವವರು ಒಮ್ಮೆ ನನಗೆ ಹೇಳಿದರು, ಅಂದಿನಿಂದ ಅಪ್ಪ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದನ್ನೂ ಬಿಟ್ಟನಂತೆ. ಇಡೀ ಶಿಫ್ಟು ಯಾವುದಕ್ಕೂ ಆನಿಕೊಳ್ಳದೆ ವಿಭಾಗದ ನಡುಮಧ್ಯೆ ನಿಲ್ಲುತ್ತಿದ್ದನಂತೆ. ಇದನ್ನು ಹೇಳಿದವರು ನಗುತ್ತಲೇ ಹೇಳಿದರು.

ಎರಡು ವರ್ಷ ಹಾಗೆ ನಿಂತು, ಹೋದ ವರ್ಷ ಅಪ್ಪ ನಿವೃತ್ತನಾದ. ಬೀಳ್ಕೊಡುಗೆಯ ದಿನ ಸಾಹೇಬರು ಅವನ ಕೆಲಸದ ಬಗ್ಗೆ ಒಂದು ಮಾತು, ವ್ಯಾಗನ್ನಿನ ಬಗ್ಗೆ ಹತ್ತು ಮಾತು ಆಡಿದರು. ಆಮೇಲೆ ಅಪ್ಪನಿಗೆ ಮೈಕು ಕೊಟ್ಟರು. ಅವನು ಕಥೆಯನ್ನು ಮೊದಲಿನಿಂದ ಹೇಳಿದ, ನಿಧಾನವಾಗಿ, ಒಮ್ಮೆಯೂ ನಗದೆ. ಲೋಂಡಾದಲ್ಲಿ ವ್ಯಾಗನ್ನಿನ ಹೊರಗೆ ಯಾರೋ ಕಡಲೆ ಮಾರುತ್ತಿದ್ದುದು ನಿದ್ದೆಯಲ್ಲಿ ಕೇಳಿಸಿತು ಎಂಬುದನ್ನು ಹೊಸದಾಗಿ ಸೇರಿಸಿದ. ಮುಂದಿನ ತಿಂಗಳು ಹಳಿಯಾಳದವರು ಕಾರ್ಯಕ್ರಮಕ್ಕೆ ಕರೆಯಲು ಮನೆಗೆ ಬಂದರು. ನಾನು ಅಂಗಿ ಹಾಕಿಕೊಳ್ಳಲು ಎದ್ದೆ. "ನೀವಲ್ರಿ" ಎಂದರು ಅವರು ಬಹಳ ಸಂಕೋಚದಿಂದ, "ಅಪ್ಪಾರನ್ನ ಕರೀಬೇಕಾಗಿತ್ತು." ನನ್ನ ನಿವೃತ್ತಿ ಆದದ್ದು ಆಗ, ಬಾಗಿಲಲ್ಲಿ, ಒಂದು ತೋಳು ಅಂಗಿಯೊಳಗೆ ಇದ್ದಾಗ. ಈಗ ಮಾಸ್ತರರ ತಂಡದಲ್ಲಿ ಅಪ್ಪ ಮಾತಾಡುತ್ತಾನೆ. ಅಪ್ಪ ಮುಗಿಸುವವರೆಗೆ ಮಾಸ್ತರರು ಕ್ಲಾರಿಯೊನೆಟ್ ಮುಟ್ಟುವುದಿಲ್ಲ.

ಅಸೂಯೆಯಿಂದ ಬರೆಯುತ್ತಿದ್ದೇನೆ ಎನ್ನುವವರು ಇದ್ದಾರೆ. ಇರಲಿ, ತುಸು ಇದೆ. ಆದರೆ ನನಗೆ ಬೇಕಾದದ್ದು ಸ್ಟೇಜಲ್ಲ. ಆ ಕಥೆ ನಾನು ಕಟ್ಟಿದ್ದು, ನನ್ನ ಅಪ್ಪ ಡ್ಯೂಟಿಯಲ್ಲಿ ಒಂದು ದಿನವೂ ಮಲಗಿದವನಲ್ಲ. ಈ ಎರಡು ಮಾತು ಊರಲ್ಲಿ ಒಬ್ಬರಾದರೂ ನಂಬಬೇಕು. ಅಪ್ಪನನ್ನೇ ಕೇಳಿದೆ. "ಹೋಗ್ಲಿ ಬಿಡೋ" ಎಂದ. ಅವ್ವನಿಗಾದರೂ ಗೊತ್ತಿದ್ದೀತು ಎಂದು ಅಡುಗೆಮನೆಗೆ ಹೋಗಿ ಕೇಳಿದೆ.

"ನೀ ಎಲ್ಲಿ ಕಟ್ಟೀದ್ಯೋ?" ಎಂದಳು ಅವ್ವ, ರೊಟ್ಟಿ ತಟ್ಟುತ್ತಲೇ. "ಅವತ್ತ ಅವರು ಬರೂ ಹೊತ್ತಿಗೆ ಬರಲಿಲ್ಲಂತ ನಾ ಬಾಗಲದಾಗ ದಾರಿ ಕಾಯ್ಕೋತ ಕುಂತಿದ್ದೆ. ಬಂದಿಂದ ಮೈಯೆಲ್ಲಾ ಕಾಗದದ ವಾಸನಿ."

ಊರಲ್ಲಿ ವಿಚಾರಿಸಿದೆ. ಎ ಶಿಫ್ಟಿನ ಒಬ್ಬರು, ವ್ಯಾಗನ್ನಿನ ಬಾಗಿಲು ಹಾಕಿದವನು ನಾನೇ ಎಂದು ಹೇಳಿದರು. ಗುರಪ್ಪ ಒಳಗೆ ಹತ್ತುವುದನ್ನು ಕಣ್ಣಾರೆ ಕಂಡೆ ಎಂದು ಬಿ ಶಿಫ್ಟಿನ ಇಬ್ಬರು ಹೇಳಿದರು. ಆ ದಿನ ಜ್ವರ ಬಂದವನು ನಾನೇ, ನನ್ನ ಬದಲಿಗೇ ಅವರು ಬಂದದ್ದು ಎಂದು ಸಿ ಶಿಫ್ಟಿನಲ್ಲಿ ಈವರೆಗೆ ಐದು ಮಂದಿ ಹೇಳಿದ್ದಾರೆ. ಕ್ಯಾಸಲ್‌ರಾಕಿಗೆ ಹೋಗಿ ಕೇಳಬೇಕೆಂದಿದ್ದೆ. ಅಲ್ಲಿಯೂ ಚಹಾ ಕೊಟ್ಟವರು ಸಿಕ್ಕಾರೆಂಬ ಭಯದಿಂದ ಹೋಗಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ೧೯೭೯ರಲ್ಲಿ ದಾಂಡೇಲಿಯ ಮಿಲ್ಲಿನಲ್ಲಿ ಯಾವುದೇ ಶಿಫ್ಟಿನಲ್ಲಿದ್ದು, ನನ್ನ ಅಪ್ಪ ವ್ಯಾಗನ್ನಿನಲ್ಲಿ ಮಲಗಿದ್ದನ್ನು ನೋಡದೇ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಬೇಕು. ಒಬ್ಬರು ಸಾಕು. ನೋಡಿದವರು ತೊಂದರೆ ತೆಗೆದುಕೊಳ್ಳುವುದು ಬೇಡ.